ಸಾರಥಿಯ ಪರೀಕ್ಷೆ

ಕಠೋಪನಿಷತ್ತಿನಲ್ಲಿ ಯಮಧರ್ಮನು ನಚಿಕೇತನಿಗೆ ಶರೀರವನ್ನು ರಥವೆಂದೂ, ಆತ್ಮನನ್ನು ಆ ರಥದ ಒಡೆಯನೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಕಡಿವಾಣವೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ವಿವರಿಸುವ ಪ್ರಸಂಗವು ನಮ್ಮವರಿಗೆ ಚಿರಪರಿಚಿತವಾದುದು. ಸಾರಥಿಯು ವಿವೇಕಿಯಾದರೆ ರಥವು ಗುರಿಯನ್ನು ಮುಟ್ಟುವುದು, ಅವಿವೇಕಿಯಾದರೆ ಕುದುರೆಗಳು ದಿಕ್ಕುಗೆಟ್ಟು ಓಡುವುವು ಎಂಬುದು ಅಲ್ಲಿಯ ತಾತ್ಪರ್ಯ. ಅಂದು ಉಪಮಾನವಾಗಿ ಬಂದ ಈ ಸಾರಥಿಯು ಇಂದು ನಮ್ಮ ನಿತ್ಯಜೀವನದಲ್ಲಿ ವಾಚ್ಯಾರ್ಥದಲ್ಲಿಯೇ ಖಾಕಿ ಉಡುಪನ್ನು ಧರಿಸಿ ಕುಳಿತಿದ್ದಾನೆ. ರಾತ್ರಿ ಬೆಂಗಳೂರನ್ನು ಬಿಟ್ಟು, ಟ್ಯಾಂಕರುಗಳ ಸಾಲಿನ ನಡುವೆ ಶಿರಾಡಿ ಘಟ್ಟವನ್ನಿಳಿದು, ಬೆಳಗಾಗುವುದರೊಳಗಾಗಿ ಮಂಗಳೂರನ್ನು ಸೇರಬೇಕಾದ ಬಸ್ಸಿನಲ್ಲಿ, ಒಬ್ಬರಿಗೊಬ್ಬರು ಅಪರಿಚಿತರಾದ ನಲವತ್ತು ಮಂದಿ, ತಮಗೆ ಹೆಸರು ಕೂಡ ತಿಳಿಯದ ಒಬ್ಬಾತನ ಎಚ್ಚರವನ್ನು ನಂಬಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ದೇವಾಲಯದ ಅರ್ಚಕನಲ್ಲಿಯಾಗಲಿ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಲ್ಲಿಯಾಗಲಿ ನಾವು ಇಡುವ ವಿಶ್ವಾಸಕ್ಕಿಂತ ಇದು ಕಡಿಮೆಯದಲ್ಲ. ಆದರೂ ಇದರ ಆಧಾರವೇನೆಂದು ವಿಚಾರಿಸುವವರು ಅಪರೂಪ.

ಆ ಆಧಾರವನ್ನು ತಾವು ಒದಗಿಸಿಕೊಡಬಲ್ಲೆವೆಂದು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಹೇಳುತ್ತ ಬಂದಿರುವವರು ಮನಶ್ಶಾಸ್ತ್ರಜ್ಞರು. ಚಾಲಕನಾಗಬಯಸುವವನ ಅವಧಾನ, ಪ್ರತಿಕ್ರಿಯೆಯ ವೇಗ, ಸ್ವಭಾವ, ಸಾಹಸಪ್ರವೃತ್ತಿ ಇವುಗಳನ್ನು ಮುಂಚಿತವಾಗಿಯೇ ಅಳೆದು, ಇವನ ಕೈಯಲ್ಲಿ ವಾಹನವು ಸುರಕ್ಷಿತವಾಗಿರುವುದು, ಅವನ ಕೈಯಲ್ಲಿ ಇರಲಾರದು ಎಂದು ಭವಿಷ್ಯವನ್ನು ನುಡಿಯಲು ಸಾಧ್ಯವೆಂಬುದು ಅವರ ಪ್ರತಿಜ್ಞೆ. ಇದು ಮೇಲ್ನೋಟಕ್ಕೆ ಸಾರಿಗೆ ಇಲಾಖೆಯ ಆಡಳಿತಕ್ಕೆ ಸೇರಿದ ವಿಷಯವೆಂದು ತೋರಿದರೂ, ಸ್ವಲ್ಪ ಒಳಹೊಕ್ಕು ನೋಡಿದರೆ ಇದರಲ್ಲಿ ನಮ್ಮ ದರ್ಶನಕಾರರು ಬಹುಕಾಲ ಚರ್ಚಿಸಿದ ಎರಡು ಪ್ರಶ್ನೆಗಳು ಅಡಗಿವೆ. ಕಾರಣವನ್ನು ಕಂಡು ಕಾರ್ಯವನ್ನು ಊಹಿಸುವ ಅನುಮಾನವು ಎಷ್ಟರ ಮಟ್ಟಿಗೆ ಪ್ರಮಾಣ ಎಂಬುದು ಮೊದಲನೆಯದು. ಮಾಡದ ಕರ್ಮಕ್ಕೆ ಮನುಷ್ಯನೊಬ್ಬನಿಗೆ ಫಲವನ್ನು ಉಣಿಸುವುದು ನ್ಯಾಯವೆ ಎಂಬುದು ಎರಡನೆಯದು.

ಈ ವಿದ್ಯೆಯ ಆರಂಭವು ಸ್ವಾರಸ್ಯವಾದುದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜರ್ಮನ್ ಪಂಡಿತ ಹ್ಯೂಗೊ ಮ್ಯುನ್‌ಸ್ಟರ್‌ಬರ್ಗ್ ಎಂಬವರು ವಿದ್ಯುತ್ ಟ್ರಾಮ್ ಚಾಲಕರನ್ನು ಪರೀಕ್ಷಿಸಲು ಒಂದು ಉಪಾಯವನ್ನು ಹೂಡಿದರು. ಅದರ ವಿವರವು ಕೈಗಾರಿಕಾ ದಕ್ಷತೆಯನ್ನು ಕುರಿತು 1913ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಟ್ರಾಮಿನ ಸಣ್ಣದೊಂದು ಪ್ರತಿಕೃತಿಯನ್ನು ಮಾಡಿ ಓಡಿಸಿ ನೋಡುವುದು ಅವರಿಗೆ ಸಮ್ಮತವಾಗಲಿಲ್ಲ. ಹೊರಗಿನ ಆಕಾರ ಹೋಲಬೇಕಾದುದಿಲ್ಲ, ಬೀದಿಯಲ್ಲಿ ಚಾಲಕನ ಚಿತ್ತವು ಮಾಡುವ ಕೆಲಸವನ್ನೇ ಮೇಜಿನ ಮುಂದೆಯೂ ಮಾಡುವಂತಾದರೆ ಸಾಕು ಎಂಬುದು ಅವರ ವಾದ. ಆದುದರಿಂದ ನಡುವೆ ಟ್ರಾಮ್ ಹಳಿಗಳನ್ನು ಸೂಚಿಸುವ ಗೆರೆಗಳಿದ್ದು, ಇಕ್ಕೆಲಗಳಲ್ಲಿ ಮನೆಮನೆಯಾಗಿ ಅಂಕಿಗಳನ್ನು ಹರಡಿದ್ದ ಕಾರ್ಡುಗಳನ್ನು ಅವರು ಸಿದ್ಧಪಡಿಸಿದರು. 1 ಎಂದರೆ ಪಾದಚಾರಿ, 2 ಎಂದರೆ ಅವನ ಎರಡರಷ್ಟು ವೇಗದ ಕುದುರೆ, 3 ಎಂದರೆ ಮೂರರಷ್ಟು ವೇಗದ ಮೋಟಾರು. ಕಪ್ಪು ಅಂಕಿಗಳು ಹಳಿಗೆ ಸಮಾನಾಂತರವಾಗಿ ಚಲಿಸತಕ್ಕವು, ಅವುಗಳಿಂದ ಭಯವಿಲ್ಲ. ಕೆಂಪು ಅಂಕಿಗಳು ಹಳಿಯ ಕಡೆಗೆ ಬರತಕ್ಕವು. ಪರೀಕ್ಷೆಗೆ ಕುಳಿತವನು ಒಂದು ಹಿಡಿಯನ್ನು ತಿರುಗಿಸುತ್ತ ಕಾರ್ಡನ್ನು ಸರಿಸಿಕೊಂಡು, ಹಳಿಯ ಯಾವ ಯಾವ ಬಿಂದುವಿನಲ್ಲಿ ಅಪಾಯವಿದೆಯೆಂಬುದನ್ನು ಆದಷ್ಟು ಬೇಗ, ಆದಷ್ಟು ತಪ್ಪಿಲ್ಲದೆ ಹೇಳಬೇಕು. ಅನೇಕ ಸಂಗತಿಗಳು ಏಕಕಾಲದಲ್ಲಿ ಕಣ್ಣಿಗೆ ಬೀಳುತ್ತಿರುವಾಗ ನಿರಪಾಯಕಾರಿಯಾದುದನ್ನು ಉಪೇಕ್ಷಿಸಿ, ಮುಂದಿನ ಕ್ಷಣದಲ್ಲಿ ಎದುರಾಗಲಿರುವ ಆಪತ್ತನ್ನು ಹೆಕ್ಕಿ ತೆಗೆಯುವ ಈ ಅವಧಾನವೇ ಚಾಲಕನ ಸಾರಸರ್ವಸ್ವವೆಂಬ ಆ ನಿರ್ಣಯದಲ್ಲಿ ನಿಜವಾದ ಒಳನೋಟವಿದೆ. ಇಂದು ಗಣಕಯಂತ್ರದ ಪರದೆಯ ಮೇಲೆ ಬಣ್ಣಬಣ್ಣದ ದೀಪಗಳನ್ನು ಹೊತ್ತಿಸಿ ಆರಿಸಿ ಮಾಡತಕ್ಕ ಪರೀಕ್ಷೆಗಳು ಎಷ್ಟೋ ಇವೆಯಾದರೂ ಆ ಹಳೆಯ ಕಾರ್ಡುಗಳ ಆಚೆಗೆ ಅವು ಬಹಳ ದೂರ ಹೋಗಿಲ್ಲವೆಂದು ನನಗೆ ತೋರುತ್ತದೆ.

ಅಲ್ಲಿಂದ ಮುಂದೆ ಈ ಪದ್ಧತಿಯು ವೇಗವಾಗಿ ಹಬ್ಬಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯು ಸೈನ್ಯದ ಮೋಟಾರು ಚಾಲಕರನ್ನು ಹೀಗೆಯೇ ಆರಿಸಿತು. ಯುದ್ಧಾನಂತರ ಪ್ಯಾರಿಸ್ಸಿನ ಟ್ರಾಮ್ ಮತ್ತು ಬಸ್ಸುಗಳ ಸಂಸ್ಥೆಗಾಗಿ ಲಾಯಿ ಎಂಬವರು ಪ್ರಯೋಗಶಾಲೆಯನ್ನು ನಡೆಸಿದರು. ನಮ್ಮ ದೇಶದಲ್ಲಿ ರಸ್ತೆ ಸಾರಿಗೆಗಿಂತ ರೈಲ್ವೆಯು ಇದನ್ನು ಗಂಭೀರವಾಗಿ ಸ್ವೀಕರಿಸಿದೆ. ಲಖನೌದಲ್ಲಿರುವ ರೈಲ್ವೆ ಸಂಶೋಧನ ಸಂಸ್ಥೆಯ ಮನೋತಾಂತ್ರಿಕ ವಿಭಾಗವು ರೂಪಿಸಿದ, ಅಭ್ಯರ್ಥಿಗಳ ಬಾಯಲ್ಲಿ ‘ಸೈಕೋ ಟೆಸ್ಟ್’ ಎಂದೇ ರೂಢಿಯಾಗಿರುವ ಪರೀಕ್ಷೆಯನ್ನು ದಾಟದೆ ಹುಬ್ಬಳ್ಳಿಯ ಹುಡುಗನಾಗಲಿ, ಬೆಂಗಳೂರಿನ ಹುಡುಗನಾಗಲಿ ಸಹಾಯಕ ಲೋಕೋ ಪೈಲಟ್ ಆಗಲಾರ. ಸರಾಸರಿಯನ್ನು 50 ಎಂದು ಇರಿಸಿಕೊಂಡ ಅಳತೆಯಲ್ಲಿ ಪ್ರತಿಯೊಂದು ಉಪಪರೀಕ್ಷೆಯಲ್ಲಿಯೂ ಕನಿಷ್ಠ 42 ಅಂಕವನ್ನು ಪಡೆಯಲೇಬೇಕು. ಯಾವ ವರ್ಗಕ್ಕೂ ಇದರಲ್ಲಿ ವಿನಾಯಿತಿಯಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಮೇಲಿನ ಸ್ಥಾನಗಳನ್ನು ಪಡೆದವರು ಇಲ್ಲಿ ಒಂದು ಅಂಕದಿಂದ ಹೊರಗುಳಿದುದುಂಟು.

ಮನುಷ್ಯ ಮನುಷ್ಯರಲ್ಲಿ ಅಪಘಾತದ ಪ್ರವೃತ್ತಿಯು ಭಿನ್ನವಾಗಿರುತ್ತದೆಂಬ ಕಲ್ಪನೆಗೆ ಶಾಸ್ತ್ರೀಯ ವೇಷವನ್ನು ತೊಡಿಸಿದವರು ಬೇರೆಯವರು. 1919ರಲ್ಲಿ ಇಂಗ್ಲೆಂಡಿನ ಗ್ರೀನ್‌ವುಡ್ ಮತ್ತು ವುಡ್ಸ್ ಎಂಬವರು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಆದ ಸಣ್ಣಪುಟ್ಟ ಗಾಯಗಳ ಲೆಕ್ಕವನ್ನು ಪರಿಶೀಲಿಸಿ, ಇವು ಎಲ್ಲರಿಗೂ ಸಮನಾಗಿ, ಕೇವಲ ಆಕಸ್ಮಿಕವಾಗಿ ಹಂಚಿಹೋಗಿಲ್ಲ, ಕೆಲವರಿಗೆ ಮೊದಲಿನಿಂದಲೇ ಗಾಯಗೊಳ್ಳುವ ಸಂಭವ ಹೆಚ್ಚು ಎಂಬ ಊಹೆಯೇ ಅಂಕಿಗಳಿಗೆ ಚೆನ್ನಾಗಿ ಒಪ್ಪುತ್ತದೆಂದು ತೋರಿಸಿದರು. 1926ರಲ್ಲಿ ಇಂಗ್ಲೆಂಡಿನಲ್ಲಿ ಫಾರ್ಮರ್ ಮತ್ತು ಚೇಂಬರ್ಸ್ ಎಂಬವರೂ, ಜರ್ಮನಿಯಲ್ಲಿ ಮಾರ್ಬೆ ಎಂಬವರೂ ಈ ಗುಣವನ್ನು ಒಂದು ವ್ಯಕ್ತಿಲಕ್ಷಣವೆಂದೇ ಸಾರಿದರು. ಅಷ್ಟಾಗುವುದೇ ತಡ, ಈ ಕಲ್ಪನೆಯು ಪಂಡಿತರ ಕೈಯಿಂದ ಜಾರಿ ಆಡಳಿತಗಾರರ ಕೈಯನ್ನು ಸೇರಿತು. ಕೆಲವೇ ಮಂದಿ ಚಾಲಕರು ಬಹುಪಾಲು ಅಪಘಾತಗಳನ್ನು ಮಾಡುತ್ತಾರೆ, ಅವರನ್ನು ಕಿತ್ತುಹಾಕಿದರೆ ಹಾದಿ ನಿಷ್ಕಂಟಕವಾಗುವುದು ಎಂಬ ಮಾತು ಕೇಳಲು ಎಷ್ಟು ಹಿತವಾಗಿದೆ!

ಹಿತವಾದ ಈ ಮಾತಿನೊಳಗೆ ಒಂದು ಗಣಿತದ ಮೋಸವಿದೆ. ನೂರು ಮಂದಿ ಚಾಲಕರಿದ್ದಾರೆ, ಅವರೆಲ್ಲರೂ ಕೌಶಲದಲ್ಲಿಯೂ ಸ್ವಭಾವದಲ್ಲಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸಮಾನರು, ಒಂದು ವರ್ಷದಲ್ಲಿ ಅವರೆಲ್ಲರಿಂದ ಕೂಡಿ 50 ಅಪಘಾತಗಳಾದುವು ಎಂದು ಭಾವಿಸೋಣ. ಕೇವಲ ಆಕಸ್ಮಿಕದ ನಿಯಮಕ್ಕೆ ಬಿಟ್ಟರೂ ಸುಮಾರು 61 ಮಂದಿಗೆ ಒಂದು ಅಪಘಾತವೂ ಆಗುವುದಿಲ್ಲ. 30 ಮಂದಿಗೆ ಒಂದೊಂದು ಆಗುತ್ತದೆ. ಉಳಿದ 9 ಮಂದಿಯ ಪಾಲಿಗೆ ಎರಡೋ ಮೂರೋ ಬಂದು, ಒಟ್ಟು 20 ಅಪಘಾತಗಳು ಅವರ ಹೆಸರಿನಲ್ಲಿ ಬರೆಯಲ್ಪಡುತ್ತವೆ. ನೂರರಲ್ಲಿ ಒಂಬತ್ತು ಮಂದಿ ಐದರಲ್ಲಿ ಎರಡು ಪಾಲು ಅಪಘಾತಗಳಿಗೆ ಕಾರಣರೆಂದು ವರದಿ ಬರೆಯಲು ಅಧಿಕಾರಿಗೆ ಇಷ್ಟು ಸಾಕು. ಅವರೆಲ್ಲರನ್ನೂ ಮನೆಗೆ ಕಳುಹಿಸಿ ಬೇರೆ ಒಂಬತ್ತು ಮಂದಿಯನ್ನು ತಂದರೆ ಮರುವರ್ಷ ಅಪಘಾತದ ಸಂಖ್ಯೆಯಲ್ಲಿ ಕಿಂಚಿತ್ತೂ ವ್ಯತ್ಯಾಸವಾಗದು. ಹೆಸರುಗಳು ಮಾತ್ರ ಬದಲಾಗುವುವು. ದಕ್ಷಿಣ ಆಫ್ರಿಕದ ಆರ್ಬಸ್ ಮತ್ತು ಕೆರಿಕ್ ಎಂಬವರು 1951ರಲ್ಲಿ ಈ ಇಡೀ ಸಾಹಿತ್ಯವನ್ನು ಸೋಸಿ ನೋಡಿದಾಗ ಅಪಘಾತಪ್ರವೃತ್ತಿಯೆಂಬ ಸಿದ್ಧಾಂತವು ತನ್ನ ಆಧಾರಗಳಿಗಿಂತ ಬಹಳ ದೊಡ್ಡದಾಗಿ ಬೆಳೆದಿದೆಯೆಂಬುದು ಸ್ಪಷ್ಟವಾಯಿತು.

ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ಯಾವ ಕರ್ಮವೇ ಆಗಲಿ ಸಿದ್ಧಿಸಬೇಕಾದರೆ ಐದು ಕಾರಣಗಳು ಕೂಡಬೇಕೆಂದು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ನಾನಾವಿಧವಾದ ಚೇಷ್ಟೆ, ಐದನೆಯದಾಗಿ ದೈವ. ಹೀಗಿರುವಲ್ಲಿ ಕರ್ತೃವೊಬ್ಬನನ್ನೇ ಕಾರಣವೆಂದು ನೋಡುವವನ ದೃಷ್ಟಿಯು ಸಂಸ್ಕಾರವಿಲ್ಲದ ಬುದ್ಧಿಯ ದೃಷ್ಟಿಯೆಂದೂ ಅಲ್ಲಿಯೇ ಹೇಳಿದೆ. ಭಾಷ್ಯಕಾರರು ಈ ಐದನ್ನು ತಂತಮ್ಮ ದರ್ಶನಕ್ಕನುಗುಣವಾಗಿ ವಿವರಿಸಿರುವರಷ್ಟೆ. ಅದರ ವಿವಾದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಹೆದ್ದಾರಿಗೆ ಅನ್ವಯಿಸಿ ನೋಡಿದರೆ ಮಾತ್ರ ಆ ವಿಭಾಗವು ಬೆರಗಾಗುವಷ್ಟು ಸರಿಯಾಗಿ ಕೂಡುತ್ತದೆ. ತಿರುವಿನಲ್ಲಿ ಒರಗು ತಪ್ಪಿದ ರಸ್ತೆಯೂ, ಗುಂಡಿ ಬಿದ್ದ ಡಾಂಬರೂ ಅಧಿಷ್ಠಾನ; ಸವೆದ ಟೈರೂ, ಸಡಿಲವಾದ ಬ್ರೇಕೂ ಕರಣ; ಸ್ಟೀಯರಿಂಗಿನ ಮೇಲಿನ ಕೈ, ಪೆಡಲಿನ ಮೇಲಿನ ಕಾಲು ಚೇಷ್ಟೆ; ದೀಪವಿಲ್ಲದೆ ಕತ್ತಲಲ್ಲಿ ನಿಂತಿದ್ದ ಲಾರಿ, ಎಲ್ಲಿಂದಲೋ ಅಡ್ಡ ಬಂದ ಎಮ್ಮೆ ದೈವ. ಚಾಲಕನು ಇವುಗಳ ನಡುವೆ ಒಬ್ಬ. ಮನಶ್ಶಾಸ್ತ್ರದ ಪರೀಕ್ಷೆಯು ಈ ಒಬ್ಬನನ್ನು ಅಳೆಯುತ್ತದೆ, ಅವನ ಚೇಷ್ಟೆಯನ್ನು ಅಲ್ಪಸ್ವಲ್ಪ ಅಳೆಯುತ್ತದೆ. ಉಳಿದ ಮೂರರ ವಿಷಯದಲ್ಲಿ ಅದು ಮೂಕ. ಅಪಘಾತವು ಐದರ ಸಂತಾನ. ಒಬ್ಬನ ಜಾತಕವನ್ನು ಎಷ್ಟೇ ಸೂಕ್ಷ್ಮವಾಗಿ ಬರೆದರೂ ಐವರ ಸಂತಾನದ ಜಾತಕವು ಅದರಿಂದ ಹೊರಡಲಾರದು.

ಹಾಗೆಂದು ಪರೀಕ್ಷೆಯನ್ನು ಬರಿಯ ಇಂದ್ರಜಾಲವೆಂದು ತಳ್ಳಿಹಾಕುವುದು ಪ್ರಾಮಾಣಿಕವಾಗದು. ಫಿನ್ಲೆಂಡಿನ ಹ್ಯಾಕಿನೆನ್ ಎಂಬವರು ಹೆಲ್ಸಿಂಕಿ ನಗರದ ಬಸ್ಸು ಮತ್ತು ಟ್ರಾಮ್ ಚಾಲಕರನ್ನು ಕುರಿತು 1958ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಅತ್ಯಂತ ಎಚ್ಚರಿಕೆಯಿಂದ ಮಾಡಿದ ಕೆಲಸಗಳಲ್ಲಿ ಒಂದು. ಒಂದೇ ಊರು, ಒಂದೇ ಬಗೆಯ ಮಾರ್ಗಗಳು, ಒಂದೇ ಬಗೆಯ ವಾಹನಗಳು, ವರ್ಷಗಟ್ಟಲೆಯ ದಾಖಲೆ ಇವೆಲ್ಲ ಇದ್ದುದರಿಂದ ಉಳಿದ ಕಾರಣಗಳು ಬಹುಮಟ್ಟಿಗೆ ಎಲ್ಲರಿಗೂ ಸಮನಾಗಿದ್ದುವು. ಆ ಸ್ಥಿತಿಯಲ್ಲಿ ಅವಧಾನವನ್ನೂ, ಕಣ್ಣು ಕೈಗಳ ಹೊಂದಾಣಿಕೆಯನ್ನೂ ಅಳೆಯುವ ಕೆಲವು ಪರೀಕ್ಷೆಗಳು ಹೆಚ್ಚು ಅಪಘಾತವಾದವರನ್ನೂ ಆಗದವರನ್ನೂ ಬೇರ್ಪಡಿಸಿ ತೋರಿಸಿದುವು. 1979ರಲ್ಲಿ ಅವರೇ ಮತ್ತೆ ಅದೇ ಚಾಲಕರ ಮುಂದಿನ ವರ್ಷಗಳನ್ನು ಹಿಂಬಾಲಿಸಿ ನೋಡಿದಾಗಲೂ ಆ ವ್ಯತ್ಯಾಸವು ಪೂರ್ತಿಯಾಗಿ ಅಳಿಸಿಹೋಗಿರಲಿಲ್ಲ. ಇದು ಅಲ್ಲಗಳೆಯಲಾಗದ ಸಾಕ್ಷ್ಯ. ಆದರೆ ಉಳಿದ ಕಾರಣಗಳನ್ನು ಸಮಗೊಳಿಸಿದ ಮೇಲೆ, ದೀರ್ಘಕಾಲದ ಸರಾಸರಿಯಲ್ಲಿ, ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಇರುವ ಅಂತರವನ್ನು ಅದು ಹೇಳುತ್ತದೆಯೇ ಹೊರತು, ಮುಂದಿನ ಮಂಗಳವಾರ ಇಂಥ ಚಾಲಕನಿಂದ ಏನಾಗುವುದೆಂಬುದನ್ನು ಹೇಳುವುದಿಲ್ಲ.

ಈ ಭೇದವನ್ನು ನಮ್ಮ ತಾರ್ಕಿಕರು ಬಹಳ ಹಿಂದೆಯೇ ಗುರುತಿಸಿದ್ದರು. ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನು ಮೋಡವನ್ನು ಕಂಡು ಮಳೆ ಬರುವುದೆಂದು ಊಹಿಸುವುದನ್ನೂ, ತುಂಬಿ ಹರಿಯುವ ಹೊಳೆಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ಊಹಿಸುವುದನ್ನೂ ಅನುಮಾನದ ಎರಡು ಪ್ರಕಾರಗಳಾಗಿ ಎಣಿಸಿದನು. ಮೊದಲನೆಯದು ಕಾರಣದಿಂದ ಕಾರ್ಯಕ್ಕೆ, ಎರಡನೆಯದು ಕಾರ್ಯದಿಂದ ಕಾರಣಕ್ಕೆ. ಸುಮಾರು ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯು ಇವೆರಡನ್ನೂ ಒಂದೇ ಪೀಠದಲ್ಲಿ ಕೂರಿಸಲು ಒಪ್ಪಲಿಲ್ಲ. ಹೊಗೆಯಿಂದ ಬೆಂಕಿಯನ್ನು ನಿಶ್ಚಯವಾಗಿ ಊಹಿಸಬಹುದು, ಏಕೆಂದರೆ ಬೆಂಕಿಯಿಲ್ಲದೆ ಹೊಗೆ ಹುಟ್ಟದು. ಆದರೆ ಕಾರಣಸಾಮಗ್ರಿಯೆಲ್ಲ ಕಣ್ಣೆದುರಿಗಿದ್ದರೂ ಕಾರ್ಯವು ಹುಟ್ಟಿಯೇ ತೀರುವುದೆಂದು ಹೇಳುವಂತಿಲ್ಲ, ಏಕೆಂದರೆ ನಡುವೆ ಯಾವುದಾದರೊಂದು ಪ್ರತಿಬಂಧವು ಬರಬಹುದು. ಕಾರಣಸಾಮಗ್ರಿಯನ್ನು ಕಂಡವನು ಊಹಿಸಬಹುದಾದುದು ಕಾರ್ಯವನ್ನಲ್ಲ, ಕಾರ್ಯವನ್ನು ಹುಟ್ಟಿಸುವ ಯೋಗ್ಯತೆಯನ್ನು ಮಾತ್ರ. ಅವನ ಪ್ರಮಾಣವಾರ್ತಿಕದ ಈ ವಿವೇಚನೆಗಿಂತ ಖಚಿತವಾಗಿ ಮನಶ್ಶಾಸ್ತ್ರದ ಪರೀಕ್ಷೆಗಳ ವ್ಯಾಪ್ತಿಯನ್ನು ಯಾರೂ ಗೆರೆ ಎಳೆದು ತೋರಿಸಿಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪರದೆಯ ಮುಂದೆ ಕುಳಿತವನಲ್ಲಿ ಇರುವ ಯೋಗ್ಯತೆ, ಅಯೋಗ್ಯತೆಗಳು ಪರೀಕ್ಷಕನಿಗೆ ಗೋಚರ. ಸುರಕ್ಷಿತವಾಗಿ ಕಳೆಯಲಿರುವ ಇಪ್ಪತ್ತು ವರ್ಷಗಳು ಅಗೋಚರ.

ಯೋಗ್ಯತೆಯನ್ನು ಫಲವೆಂದು ಭ್ರಮಿಸಿದಾಗ ತಾರ್ಕಿಕ ದೋಷದೊಂದಿಗೆ ಧಾರ್ಮಿಕ ದೋಷವೂ ಬಂದು ಸೇರುತ್ತದೆ. ಸಾವಿರ ಮಂದಿ ಚಾಲಕರಲ್ಲಿ ನಿಜವಾಗಿಯೂ ಅಪಾಯಕಾರಿಗಳಾದವರು 50 ಮಂದಿ ಇದ್ದಾರೆನ್ನೋಣ. ಪರೀಕ್ಷೆಯು ಎರಡು ಬಗೆಯವರ ವಿಷಯದಲ್ಲಿಯೂ ನೂರಕ್ಕೆ ಎಂಬತ್ತರಂತೆ ಸರಿಯಾಗಿ ಹೇಳುವಷ್ಟು ಸಮರ್ಥವಾದುದೆನ್ನೋಣ. ಇಷ್ಟು ಸಾಮರ್ಥ್ಯವೇ ಇಂಥ ಪರೀಕ್ಷೆಗಳಿಗೆ ದುರ್ಲಭ. ಅದು ಅಪಾಯಕಾರಿಗಳಲ್ಲಿ 40 ಮಂದಿಯನ್ನು ಹಿಡಿಯುತ್ತದೆ. ಅದರೊಂದಿಗೇ ನಿರಪರಾಧಿಗಳಾದ 950 ಮಂದಿಯಲ್ಲಿ 190 ಮಂದಿಯನ್ನೂ ಹಿಡಿಯುತ್ತದೆ. ಹೊರಹಾಕಲ್ಪಟ್ಟ 230 ಮಂದಿಯಲ್ಲಿ ಆರರಲ್ಲಿ ಒಬ್ಬನು ಮಾತ್ರ ಅದಕ್ಕೆ ಪಾತ್ರನು. ಅಮೆರಿಕದ ಮೀಲ್ ಮತ್ತು ರೋಸೆನ್ ಎಂಬವರು 1955ರಲ್ಲಿಯೇ, ಅಪರೂಪವಾದ ಘಟನೆಗಳನ್ನು ಹಿಡಿಯಹೊರಟ ಪರೀಕ್ಷೆಗಳೆಲ್ಲದರ ಹಣೆಬರಹವೂ ಇಷ್ಟೇ ಎಂದು ತೋರಿಸಿಕೊಟ್ಟರು. ಕರ್ಮಸಿದ್ಧಾಂತವನ್ನು ಒಪ್ಪಿದ ನಮ್ಮ ದರ್ಶನಗಳೆಲ್ಲವೂ ಒಕ್ಕೊರಲಿನಿಂದ ತಿರಸ್ಕರಿಸಿದ ದೋಷಗಳು ಎರಡು: ಮಾಡಿದ ಕರ್ಮವು ಫಲವನ್ನೀಯದೆ ನಾಶವಾಗುವ ಕೃತನಾಶ, ಮಾಡದ ಕರ್ಮದ ಫಲವು ತಲೆಯ ಮೇಲೆ ಬಂದೆರಗುವ ಅಕೃತಾಭ್ಯಾಗಮ. ಆ 190 ಮಂದಿಗೆ ಒದಗುವುದು ಅಕೃತಾಭ್ಯಾಗಮವಲ್ಲದೆ ಮತ್ತೇನು? ಹದಿನೈದು ವರ್ಷ ಒಂದು ಗೀರೂ ಇಲ್ಲದೆ ಬಸ್ಸನ್ನು ನಡೆಸಿದವನನ್ನು ಅರ್ಧ ಗಂಟೆಯ ದೀಪದಾಟದಲ್ಲಿ ಸೋತನೆಂದು ಡಿಪೋದ ಕಾವಲಿಗೆ ಕೂರಿಸಿದರೆ ಕೃತನಾಶವೂ ಅದರ ಜೊತೆಗೆ ಸೇರಿತು.

ಬುದ್ಧಿಕೌಶಲದ ಪರೀಕ್ಷೆಯ ಮಾತು ಹೀಗಾದರೆ ಸ್ವಭಾವದ ಪರೀಕ್ಷೆಯದು ಇನ್ನೂ ಸೂಕ್ಷ್ಮ. 1949ರಲ್ಲಿ ಕೆನಡಾದ ಟಿಲ್‌ಮನ್ ಮತ್ತು ಹಾಬ್ಸ್ ಎಂಬವರು ಟ್ಯಾಕ್ಸಿ ಚಾಲಕರ ಜೀವನಚರಿತ್ರೆಗಳನ್ನು ಕೆದಕಿ, ಪದೇ ಪದೇ ಅಪಘಾತಕ್ಕೀಡಾದವರ ಮನೆಯ ಬಾಳೂ, ಸಾಲವೂ, ಕೋರ್ಟಿನ ದಾಖಲೆಯೂ ಅಸ್ತವ್ಯಸ್ತವಾಗಿದ್ದುವೆಂದು ಕಂಡುಕೊಂಡು, ಮನುಷ್ಯನು ಬದುಕುವ ರೀತಿಯಲ್ಲಿಯೇ ಗಾಡಿಯನ್ನೂ ನಡೆಸುತ್ತಾನೆಂಬ ತೀರ್ಮಾನಕ್ಕೆ ಬಂದರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇದನ್ನು ಓದಿದಾಗಲೆಲ್ಲ ನನಗೆ ನಳಮಹಾರಾಜನ ನೆನಪಾಗುತ್ತದೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರ ಮನೆಮಾತಾದ ಆ ಕಥೆಯಲ್ಲಿ ನಳನು ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡವನು. ಕಾಡಿನ ನಡುವೆ ನಿದ್ರಿಸುತ್ತಿದ್ದ ಹೆಂಡತಿ ದಮಯಂತಿಯನ್ನು ಬಿಟ್ಟು ಓಡಿದವನು. ಕಾರ್ಕೋಟಕ ಸರ್ಪವು ಕಚ್ಚಿದ ಮೇಲೆ ಕುರೂಪಿಯಾಗಿ ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ರಾಜ ಋತುಪರ್ಣನ ಅರಮನೆಯನ್ನು ಸೇರಿದವನು. ಸ್ವಭಾವಪರೀಕ್ಷೆಯ ಯಾವ ಪ್ರಶ್ನಾವಳಿಯಲ್ಲಿ ಈತನು ಉತ್ತೀರ್ಣನಾದಾನು? ದೇಹಪರೀಕ್ಷೆಯಲ್ಲಂತೂ ಬಾಗಿಲಿನಲ್ಲಿಯೇ ನಿಲ್ಲಬೇಕು. ಆದರೆ ಅಯೋಧ್ಯೆಯಿಂದ ವಿದರ್ಭಕ್ಕೆ ಒಂದು ಹಗಲಿನಲ್ಲಿ ರಥವನ್ನು ಮುಟ್ಟಿಸಬಲ್ಲ ಸಾರಥಿ ಆ ಕಾಲದಲ್ಲಿ ಅವನೊಬ್ಬನೇ. ದಾರಿಯಲ್ಲಿ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಋತುಪರ್ಣನು ಕಣ್ಣಳತೆಯಿಂದಲೇ ಎಣಿಸಿ ಹೇಳಿದಾಗ, ರಥವನ್ನು ನಿಲ್ಲಿಸಿ ಇಳಿದು ತಾನೇ ಎಣಿಸಿ ನೋಡದೆ ನಂಬಲೊಲ್ಲದ ಆ ಬಾಹುಕನ ಹಟವೂ, ಕೊನೆಗೆ ಒಬ್ಬನು ದಾಳದ ಮರ್ಮವಾದ ಅಕ್ಷಹೃದಯವನ್ನೂ ಇನ್ನೊಬ್ಬನು ಕುದುರೆಯ ಮರ್ಮವಾದ ಅಶ್ವಹೃದಯವನ್ನೂ ಪರಸ್ಪರ ಕೊಟ್ಟುಕೊಂಡುದೂ ಸಂಖ್ಯಾಶಾಸ್ತ್ರಜ್ಞರಿಗೂ ಚಾಲಕರಿಗೂ ಸಮಾನವಾಗಿ ಪ್ರಿಯವಾಗಬೇಕಾದ ಪ್ರಸಂಗ. ಕಥೆಯಲ್ಲಿ ನನ್ನ ವಾದಕ್ಕೆ ಮುಖ್ಯವಾದುದು ಮುಂದಿನದು. ವೇಷ ಮರೆಸಿಕೊಂಡ ನಳನು ಬಂದನೆಂದು ದಮಯಂತಿಯು ಊಹಿಸಿದುದು ಮುಖವನ್ನು ನೋಡಿಯಲ್ಲ. ವಿದರ್ಭದ ಕುಂಡಿನಪುರದ ಬೀದಿಯಲ್ಲಿ ಗುಡುಗಿದ ರಥದ ಧ್ವನಿಯನ್ನು ಕೇಳಿ. ಕಾರ್ಯದಿಂದ ಕಾರಣಕ್ಕೆ ಏರಿದ ಅನುಮಾನವದು, ಧರ್ಮಕೀರ್ತಿಯೂ ಒಪ್ಪತಕ್ಕದ್ದು.

ಭವಿಷ್ಯವನ್ನು ನುಡಿಯುವ ವಿದ್ಯೆಗಳಲ್ಲಿ ಮನುಷ್ಯನನ್ನು ಕುರಿತದ್ದಕ್ಕೆ ಒಂದು ವಿಶೇಷ ಕಷ್ಟವುಂಟು. ಪಂಚಾಂಗದಲ್ಲಿ ಬರೆದಿದೆಯೆಂದು ಗ್ರಹಣವು ಮನಸ್ಸನ್ನು ಬದಲಾಯಿಸುವುದಿಲ್ಲ. ಚಾಲಕನು ಬದಲಾಯಿಸಬಲ್ಲನು. ನಿನಗೆ ರಾತ್ರಿಯಲ್ಲಿ ಅವಧಾನವು ಬೇಗ ಕುಂದುತ್ತದೆಂದು ಪರೀಕ್ಷಕನು ಹೇಳಿದುದನ್ನು ಮನಸ್ಸಿಗೆ ತಂದುಕೊಂಡವನು ಮಂಪರು ಬಂದೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮುಖ ತೊಳೆದುಕೊಳ್ಳುವನು, ಭವಿಷ್ಯವು ಸುಳ್ಳಾಗುವುದು. ಎಲ್ಲದರಲ್ಲಿಯೂ ಮೇಲಿನ ಅಂಕ ಪಡೆದವನು ತನಗೇನೂ ಆಗದೆಂಬ ಭರವಸೆಯಿಂದ ತಿರುವಿನಲ್ಲಿ ಓವರ್‌ಟೇಕ್ ಮಾಡುವನು, ಆಗಲೂ ಭವಿಷ್ಯವು ಸುಳ್ಳಾಗುವುದು. ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಮಾತ್ರ ಹೊಸ ಬಗೆಯ ಜಾರದ ಬ್ರೇಕುಗಳನ್ನು ಅಳವಡಿಸಿ ನೋಡಿದಾಗ ಆ ಟ್ಯಾಕ್ಸಿಗಳ ಅಪಘಾತಗಳು ಕಡಿಮೆಯಾಗಲಿಲ್ಲ. ಚಾಲಕರು ಬ್ರೇಕಿನ ಬಲವನ್ನು ನಂಬಿ ಹೆಚ್ಚು ಬಿರುಸಾಗಿ ಓಡಿಸತೊಡಗಿದ್ದರು. ಕರಣವನ್ನು ತಿದ್ದಿದರೆ ಕರ್ತೃವು ಬದಲಾಗುತ್ತಾನೆ. ಕರ್ತೃವನ್ನು ಅಳೆದರೂ ಕರ್ತೃವು ಬದಲಾಗುತ್ತಾನೆ.

ಹಾಗಾದರೆ ಏನನ್ನು ನೋಡಬೇಕು? ದಮಯಂತಿಯ ದಾರಿಯಲ್ಲಿ ನಡೆದು, ನಡೆಸುವುದನ್ನೇ ನೋಡಬೇಕು. ಸ್ವೀಡನ್ನಿನ ಆಫ್ ವಾಲ್‌ಬರ್ಗ್ ಎಂಬ ಸಂಶೋಧಕರು ಪ್ರಶ್ನಾವಳಿಗಳಲ್ಲಿ ಚಾಲಕರು ತಮ್ಮನ್ನು ತಾವೇ ವರ್ಣಿಸಿಕೊಳ್ಳುವ ಮಾತುಗಳನ್ನು ಖಂಡತುಂಡವಾಗಿ ಟೀಕಿಸಿ, ಉಪ್ಸಾಲ ನಗರದ ಬಸ್ಸುಗಳು ಓಡುವಾಗ ವೇಗವು ಎಷ್ಟೆಷ್ಟು ಏರಿಳಿಯುತ್ತದೆಂಬುದನ್ನು ಉಪಕರಣದಿಂದ ಅಳೆದರು. ಸುಮ್ಮಸುಮ್ಮನೆ ಚಿಮ್ಮಿಸುವುದು, ಕೊನೆಯ ಕ್ಷಣದಲ್ಲಿ ಬ್ರೇಕನ್ನು ತುಳಿಯುವುದು, ಇವುಗಳ ಮೊತ್ತಕ್ಕೂ ಅಪಘಾತಗಳಿಗೂ ಸಂಬಂಧವುಂಟೆಂಬುದು ಅವರ ಸಿದ್ಧಾಂತ. ಸಂಬಂಧವು ಅಷ್ಟೇನೂ ಬಲವಾದುದಲ್ಲ, ಆದರೆ ಪ್ರಮಾಣದ ದಿಕ್ಕು ಸರಿಯಾದುದು. ಅಪಘಾತವು ಅಪರೂಪ, ಎಳೆತವೂ ಜಗ್ಗಾಟವೂ ನಿತ್ಯ. ನಿತ್ಯವಾದುದರಿಂದ ಕಲಿಯುವುದು ಸುಲಭ. ನಮ್ಮ ಹಳ್ಳಿಯ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಈ ಶಾಸ್ತ್ರವೆಲ್ಲ ಕರಗತ. ಮೂರು ನಿಲ್ದಾಣ ಕಳೆಯುವುದರೊಳಗೆ “ಈ ಡ್ರೈವರಪ್ಪನ ಕೈ ಮೆತ್ತಗದೆ” ಎಂದೋ, “ಇವನ್ಯಾಕೋ ಯಾರ ಮೇಲೋ ಸಿಟ್ಟಿನಾಗವ್ನೆ” ಎಂದೋ ತೀರ್ಪನ್ನು ಕೊಟ್ಟು ಸೆರಗನ್ನು ಹೊದ್ದುಕೊಳ್ಳುವಳು. ನಮ್ಮ ಸಾರಿಗೆ ನಿಗಮಗಳು ಅಪಘಾತರಹಿತವಾಗಿ ದೀರ್ಘಕಾಲ ಸೇವೆ ಸಲ್ಲಿಸಿದ ಚಾಲಕರಿಗೆ ಬೆಳ್ಳಿಯ ಮತ್ತು ಚಿನ್ನದ ಪದಕಗಳನ್ನು ಕೊಡುವ ಪದ್ಧತಿಯ ಹಿಂದೆ ಇರುವುದೂ ಇದೇ ತರ್ಕ. ಆ ಪದಕದಲ್ಲಿ ಅದೃಷ್ಟದ ಪಾಲು ಒಂದಿಷ್ಟು ಇರಬಹುದೆಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ. ಆದರೂ ಮಾಡಿದ ಕರ್ಮಕ್ಕೆ ಸಂದ ಫಲವದು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಒಬ್ಬನ ಜೀವನೋಪಾಯಕ್ಕಾಗಿ ನಲವತ್ತು ಮಂದಿಯ ಜೀವವನ್ನು ಒತ್ತೆಯಿಡಬೇಕೆ, ಸಂದೇಹವಿದ್ದಲ್ಲಿ ಹೊರಗಿಡುವುದೇ ಧರ್ಮವಲ್ಲವೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯು ಹಗುರವಾದುದಲ್ಲ. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಸೇರಬಂದವನನ್ನೂ, ಸೇವೆಯಲ್ಲಿರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ಹುದ್ದೆಗೆ ನೂರಾರು ಮಂದಿ ಬಂದು ನಿಂತಿರುವಾಗ ರೈಲ್ವೆಯವರಂತೆ ಬಿಗಿಯಾದ ಪರೀಕ್ಷೆಯನ್ನಿಟ್ಟು ಕೆಲವರನ್ನು ಕೈಬಿಟ್ಟರೆ ಅವರಿಗೆ ತಪ್ಪಿದುದು ಒಂದು ಅವಕಾಶ. ಹೇಗಾದರೂ ಬಹುಮಂದಿಯನ್ನು ಬಿಡಲೇಬೇಕಾಗಿದ್ದಲ್ಲಿ ಚೀಟಿ ಎತ್ತುವುದಕ್ಕಿಂತ ಅವಧಾನವನ್ನು ಅಳೆದು ಆರಿಸುವುದು ಮೇಲು. ಸೇವೆಯಲ್ಲಿರುವವನಿಗೆ ತಪ್ಪುವುದಾದರೋ ಅನ್ನ ಮತ್ತು ಮಾನ. ಅವನ ವಿಷಯದಲ್ಲಿ ಪರೀಕ್ಷೆಯ ಸೋಲು ವಿಚಾರಣೆಯ ಮೊದಲ ಮೆಟ್ಟಿಲಾಗಬಹುದು, ಶಿಕ್ಷೆಯ ಕೊನೆಯ ಮೆಟ್ಟಿಲಾಗಬಾರದು: ಕಣ್ಣನ್ನು ತೋರಿಸಿ, ನಿದ್ರೆಯನ್ನು ವಿಚಾರಿಸಿ, ಒಬ್ಬ ಅನುಭವಸ್ಥನನ್ನು ಪಕ್ಕದಲ್ಲಿ ಕೂರಿಸಿ ರಸ್ತೆಯಲ್ಲಿ ನೋಡಿ, ಅನಂತರ ಮಾತನಾಡಬೇಕು. ನಿದ್ರೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವಿದ್ದೂ ಚಿಕಿತ್ಸೆಯನ್ನು ಪಾಲಿಸದ ಲಾರಿ ಚಾಲಕರಲ್ಲಿ, ತಪ್ಪಿಸಬಹುದಾಗಿದ್ದ ಘೋರ ಅಪಘಾತಗಳು ಐದು ಪಟ್ಟು ಹೆಚ್ಚೆಂದು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಹಿಡಿಯಿತು. ಪ್ರಶ್ನಾವಳಿಯ ಯಾವ ಸ್ವಭಾವಲಕ್ಷಣವೂ ಇಷ್ಟು ದೊಡ್ಡ ಅಂತರವನ್ನು ತೋರಿಸಿದುದನ್ನು ನಾನು ಕಂಡಿಲ್ಲ. ಮೇಲಾಗಿ ಈ ರೋಗಕ್ಕೆ ಮದ್ದುಂಟು, ಸ್ವಭಾವಕ್ಕಿಲ್ಲ.

ಆದುದರಿಂದ ಚಾಲಕನ ಭವಿಷ್ಯವನ್ನು ಪರೀಕ್ಷೆಯು ನುಡಿಯಬಲ್ಲುದೆ ಎಂಬ ಪ್ರಶ್ನೆಗೆ ನನ್ನ ಉತ್ತರವಿದು. ಅವಧಾನವೇ ಇಲ್ಲದವನನ್ನೂ, ಕಣ್ಣು ಕೈಗಳು ಹೊಂದದವನನ್ನೂ, ಕುಳಿತಲ್ಲಿಯೇ ತೂಕಡಿಸುವವನನ್ನೂ ಈ ಪರೀಕ್ಷೆಗಳು ತೋರಿಸಿಕೊಡಬಲ್ಲವು, ಜರಡಿಯು ಕಲ್ಲನ್ನು ತಡೆಯುವಂತೆ. ಉಳಿದವರಲ್ಲಿ ಯಾರಿಂದ ಅಪಘಾತವಾದೀತೆಂಬುದನ್ನು ಹೇಳಲಾರವು. ಹೇಳಬಲ್ಲೆವೆಂದು ಯಂತ್ರವನ್ನು ಮಾರುವವರ ಮಾತನ್ನು ಸಾರಿಗೆ ಸಂಸ್ಥೆಗಳು ನಂಬತಕ್ಕದ್ದಲ್ಲ. ಪರೀಕ್ಷೆಯನ್ನು ನಡೆಸುವವರು ಅದರ ಫಲಿತಾಂಶವನ್ನು ಚಾಲಕನಿಗೆ ಅವನ ಭಾಷೆಯಲ್ಲಿ ತಿಳಿಸಲಿ, ಇನ್ನೊಮ್ಮೆ ಕುಳಿತುಕೊಳ್ಳುವ ಹಕ್ಕನ್ನು ಕೊಡಲಿ. ಕರ್ತೃವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಅಧಿಷ್ಠಾನವನ್ನೂ ಕರಣವನ್ನೂ ಅಳೆಯಲಿ. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯನ್ನು ಮೀರಿ ದುಡಿಸಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ವಿಧಿಸಿತ್ತು. ಪರೀಕ್ಷಾಯಂತ್ರಕ್ಕೆ ಹಣವನ್ನು ಮಂಜೂರು ಮಾಡುವ ಮುನ್ನ ಅಧಿಕಾರಿಗಳು ತಮ್ಮ ಡಿಪೋದ ಡ್ಯೂಟಿ ಪಟ್ಟಿಯನ್ನು ಆ ವಿಧಿಯ ಪಕ್ಕದಲ್ಲಿಟ್ಟು ಒಮ್ಮೆ ಓದಲಿ.